ಸುಣ್ಣಕಲ್ಲು ತೆಗೆದ ಮೇಲೆ

ಬುಧವಾರ ಬೆಳಿಗ್ಗೆ ಗಾಜಿನ ತೊಟ್ಟಿಯ ದೀಪ ಹಾಕಿದ ಲೋತಾರ್ ನಿಂತಲ್ಲೇ ನಿಂತುಬಿಟ್ಟ. ತಟ್ಟೆಯ ಹಾಗೆ ದುಂಡಗಿದ್ದ ಅವನ ಡಿಸ್ಕಸ್ ಮೀನಿನ ಜೋಡಿಯಲ್ಲಿ ಹೆಣ್ಣು ಮಗ್ಗುಲಾಗಿ ತಳಕ್ಕೆ ಬಿದ್ದಿತ್ತು. ಗಂಡು ಕಪ್ಪಿಟ್ಟು ಮೂಲೆಯಲ್ಲಿ ಏದುಸಿರು ಬಿಡುತ್ತಿತ್ತು. ಈ ಜಾತಿಯ ಮರಿಗಳಿಗೆ ಅಪ್ಪ ಅಮ್ಮನ ಮೈಮೇಲಿನ ಲೋಳೆಯೇ ಹಾಲು. ಎರಡು ವರ್ಷ ಮೊಟ್ಟೆಯೆಲ್ಲ ಹಾಳಾಗಿ, ಮೊದಲ ಸಲ ಐವತ್ತರವತ್ತು ಮರಿ ಉಳಿದಿದ್ದವು.

ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಪರೀಕ್ಷೆಯ ಹನಿ ಹಾಕಿದ. ಹಸಿರಾಗಬೇಕಾದ ನೀರು ಹಳದಿಯಾಯಿತು. ಹನಿಯೇ ಹಳೆಯದಾಗಿರಬೇಕೆಂದು ಹೊಸ ಸೀಸೆ ತೆರೆದ. ಮತ್ತೂ ಹಳದಿ, ಎಂದರೆ ನೀರಿನಲ್ಲಿ ಆಮ್ಲ ಮಿತಿಮೀರಿದೆ. ಆಗ ಅವನಿಗೆ ಕಲ್ಲು ನೆನಪಾಯಿತು.

ಅವನ ಊರಾದ ವ್ಯುರ್ಟ್ಸ್‌ಬರ್ಗ್‌ನಲ್ಲಿ ಮನೆ, ಗೋಡೆ, ಸೇತುವೆ ಎಲ್ಲ ಸುಣ್ಣಕಲ್ಲೇ. ತೊಟ್ಟಿಯಲ್ಲೂ ಮಾವನ ದ್ರಾಕ್ಷಿತೋಟದ ಗೋಡೆಯಿಂದ ತಂದ ಒಂದು ಕಲ್ಲಿತ್ತು. ನೀರಿನ ಗಡಸು ಮುರಿಯಲೆಂದು ಲೋತಾರ್ ದಿನವೂ ಕಾಫಿಗೆ ಮೊದಲು ಒಂದು ಮುಚ್ಚಳ ಆಮ್ಲ ಸುರಿಯುತ್ತಿದ್ದ. ಅದನ್ನೆಲ್ಲ ಆ ಕಲ್ಲು ಕುಡಿದು ಕೂರುತ್ತಿತ್ತು. ಶನಿವಾರ ಅದರ ಮೇಲೆ ವಿನೆಗರ್ ಹನಿಸಿದಾಗ ನೊರೆ ಬಂದದ್ದು ಕಂಡು, ಕಳ್ಳ ಸಿಕ್ಕಿದನೆಂದು ಹಿಗ್ಗಿ ಕಲ್ಲನ್ನು ಹೊರಗೆಸೆದ. ಕಲ್ಲು ಹೋಯಿತು, ಕೈಯ ರೂಢಿ ಹೋಗಲಿಲ್ಲ. ಭಾನುವಾರ, ಸೋಮವಾರ, ಮಂಗಳವಾರ, ಅದೇ ಮುಚ್ಚಳ.

"ಗುಡ್ರುನ್, ನಾನೇ ಕೊಂದೆ ಕಣೇ," ಎಂದ.

ಅಡುಗೆಮನೆಯಿಂದ ಹೆಂಡತಿ ಬರುವಷ್ಟರಲ್ಲಿ ಅವನು ಆಮ್ಲ ಇಳಿಸಲೆಂದು ಅಡುಗೆ ಸೋಡಾದ ಪೊಟ್ಟಣ ಹರಿದು ತೊಟ್ಟಿಯ ಮೇಲೆ ಹಿಡಿದಿದ್ದ. ಗುಡ್ರುನ್ ಮಣಿಕಟ್ಟು ಹಿಡಿದಳು.

"ಹೋದ ತಿಂಗಳು ಮೀನು ಸಾಕೋರ ಸಂಘದಲ್ಲಿ ಆ ಹೋಲ್ಗರ್‌ಗೆ ಎಲ್ಲರ ಮುಂದೆ ಏನಂತ ಉಗಿದೆ?"

"ಬಿಡು, ಕೈ ಬಿಡು."

"ಹೇಳು ಮೊದ್ಲು."

"ನೀರನ್ನ ಒಂದೇ ಸಲ ತಿರುಗಿಸಿದ್ರೆ, ಬದುಕಿರೋ ಮೀನೂ ಸಾಯತ್ತೆ ಅಂದೆ."

"ಮತ್ತೆ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಕೊಡು ಇಲ್ಲಿ."

ಚಿಟಿಕೆ ಸೋಡಾವನ್ನು ಅವಳೇ ಲೋಟದ ನೀರಿನಲ್ಲಿ ಕದಡಿ, ತೊಟ್ಟು ತೊಟ್ಟಾಗಿ ಬಿಟ್ಟಳು. ಗಂಟೆಗೊಮ್ಮೆ ಅಳತೆ, ಆಮೇಲೆ ಇನ್ನೊಂದು ಚಿಟಿಕೆ. ಟ್ರಾಮ್ ಓಡಿಸುವ ಕೆಲಸಕ್ಕೆ ರಜೆ ಹೇಳಿ ಲೋತಾರ್ ಸ್ಟೂಲಿನ ಮೇಲೆ ಕೂತ. ಏನೂ ಮಾಡದೆ ಕೂರುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಕೈ ನೋಡಿದರೆ ಹೇಸಿಗೆಯಾಗುತ್ತಿತ್ತು.

ನಾಲ್ಕು ಗಂಟೆಗೆ ನಳಿಗೆಯಲ್ಲಿ ತುಸು ಹಸಿರು ಕಂಡಿತು. ಗಂಡಿನ ಮೈಯ ಕಪ್ಪು ಇಳಿಯತೊಡಗಿತ್ತು. ಹೆಣ್ಣಿನ ಕಿವಿರು ಯಾವಾಗ ನಿಂತಿತೋ ಇಬ್ಬರೂ ನೋಡಿರಲಿಲ್ಲ. ಬದುಕಿದ ಮರಿಗಳು ಮಾತ್ರ ಇನ್ನೂ ಅದರ ಪಕ್ಕೆಗೆ ಅಂಟಿಕೊಂಡು ಮೇಯುತ್ತಿದ್ದವು.

"ತೆಗೆದುಬಿಡು ಲೋತಾರ್. ಕೊಳೆತ್ರೆ ಉಳಿದವೂ ಹೋಗ್ತವೆ."

ಬಲೆ ಇಳಿಸಿ, ಮರಿಗಳನ್ನು ಮೆಲ್ಲಗೆ ಸರಿಸಿ, ಅದನ್ನು ಎತ್ತಿದ. ನೀರು ಮುಗಿಯುವವರೆಗೂ ಅವು ಅಮ್ಮನ ಹಿಂದೆಯೇ ಬಂದವು.