ಸಾತ್ವಿಕಾ ಹೊಸೆದ ಬತ್ತಿ

"ಒಮ್ಮೆ ಬಂದು ನೋಡು ಅಣ್ಣ. ನಿನ್ನ ಸ್ವರ ಕೇಳಿದರೆ ಕಣ್ಣು ಬಿಟ್ಟಾಳು," ಎಂದಳು ಕಾಂತಿ. ಬಟ್ಟೆ ಒಯ್ಯಲೆಂದು ಮಂಗಳೂರಿನ ಆಸ್ಪತ್ರೆಯಿಂದ ನೆರಿಯದ ಮನೆಗೆ ಬಂದವಳು ಅಂಗಳದಲ್ಲೇ ನಿಂತಿದ್ದಳು. ಹನೀಫಾನ ರಿಕ್ಷಾ ರಸ್ತೆಯಲ್ಲಿ ಕಾಯುತ್ತಿತ್ತು.

ಶೀನಪ್ಪ ಎಣ್ಣೆಯ ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿದ. "ಡಾಕ್ಟ್ರು ಏನು ಹೇಳ್ತಾರೆ?"

"ಏನು ಹೇಳ್ತಾರೆ? ಉಸಿರಾಡುವುದು ಮೆಷಿನು. ದೇವರನ್ನು ನಂಬಿ ಅಂತಾರೆ."

"ಮತ್ತೆ ನಾನು ಮಾಡ್ತಾ ಇರುವುದು ಅದನ್ನೇ ಅಲ್ವಾ?"

ಸಾತ್ವಿಕಾ ಕಾಂತಿಯ ಒಬ್ಬಳೇ ಮಗಳು. ಮೂಡುಬಿದಿರೆಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು ಡೆಂಗಿ ಜ್ವರದಲ್ಲಿ ಮಲಗಿ ಅಂದಿಗೆ ಹನ್ನೊಂದು ದಿನ. ಮದುವೆಯಾಗದ ಶೀನಪ್ಪನ ಬೆನ್ನ ಮೇಲೆ ಬೆಳೆದ ಹುಡುಗಿ ಅವಳು.

ಮನೆಯೆದುರು ಹರಿಯುವ ತೋಡಿನಾಚೆ ತಾಯಿ ಕಡೆಯ ಕುಟುಂಬದ ದೈವದ ಗುಡಿ. ಕಾಂತಿ, ಸಾತ್ವಿಕಾ ಎಲ್ಲರೂ ಆ ಕುಟುಂಬಕ್ಕೇ ಸೇರಿದವರು. ಅಲ್ಲಿ ಸಂಜೆಯ ದೀಪ ಇಡಲು ಶುರು ಮಾಡಿ ಶೀನಪ್ಪನಿಗೆ ನಲವತ್ತು ವರ್ಷ ಕಳೆದಿತ್ತು. ತಪ್ಪಿದ್ದು ತಾಯಿ ತೀರಿಕೊಂಡಾಗ ಮಾತ್ರ. ಸೂತಕದಲ್ಲಿ ಕುಟುಂಬದವರು ಗುಡಿಯ ಹತ್ತಿರ ಹೋಗುವಂತಿಲ್ಲ. ಆಗ ಬೇರೆ ಕುಟುಂಬದ ನೆರೆಮನೆಯ ಶಂಭು ಮಿಂದು, ತನ್ನ ಮನೆಯ ಎಣ್ಣೆ ಹಿಡಿದುಕೊಂಡು ಬಂದು ದೀಪ ಇಟ್ಟಿದ್ದ. ಆಮೇಲೆ ಚಳಿಜ್ವರ ಬಂದ ದಿನವೂ ಶೀನಪ್ಪ ಕೋಲೂರಿಕೊಂಡು ತಾನೇ ಹೋದ. "ನನಗೂ ಒಂದು ದಿವಸ ಬಿಟ್ಟುಕೊಡಿ ಮಾರಾಯ್ರೆ, ಪುಣ್ಯ ಎಲ್ಲ ನಿಮಗೇ ಆದರೆ ಹೇಗೆ?" ಎಂದು ಶಂಭು ನಗಾಡಿದರೆ ಅವನಿಗೆ ನಗು ಬರುತ್ತಿರಲಿಲ್ಲ.

"ಇವತ್ತೊಂದು ದಿನ ಶಂಭಣ್ಣ ಇಡ್ತಾರೆ," ಎಂದಳು ಕಾಂತಿ.

"ಬಾಯಿ ಮುಚ್ಚು! ಶಂಭು ದೀಪ ಇಡುವುದು ಯಾವಾಗ ಅಂತ ನಿನಗೆ ಗೊತ್ತಿಲ್ವಾ?"

ಕಾಂತಿ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿದಳು. "ಗಂಟಲಿಗೆ ನಳಿಗೆ ಹಾಕುವ ಮೊದಲು ಅವಳು 'ಮಾವ' ಅಂತ ಕರೆದಳು. ದೈವವನ್ನು ಕರೆದದ್ದಲ್ಲ. ನಿನ್ನನ್ನು."

ರಿಕ್ಷಾ ಹೋದ ಸದ್ದು ತಿರುವಿನವರೆಗೂ ಕೇಳಿಸಿತು.

ಸಂಜೆ ಗುಡಿಯಲ್ಲಿ ಅವನು ಬಿಸ್ಕೆಟಿನ ಹಳೆ ಡಬ್ಬ ತೆರೆದ. ರಜೆಗೆ ಬಂದಾಗಲೆಲ್ಲ ಸಾತ್ವಿಕಾ ಅವನ ಹಳೆ ಮುಂಡು ಹರಿದು, ತೊಡೆಯ ಮೇಲೆ ಬತ್ತಿ ಹೊಸೆದು ಅದರಲ್ಲಿ ತುಂಬಿಸಿಡುತ್ತಿದ್ದಳು. ಒಂದೊಂದೂ ಕಿರುಬೆರಳಿನಷ್ಟು ದಪ್ಪ. ಎಣ್ಣೆ ದಂಡವೆಂದು ಗದರಿದರೆ, "ನಿಮ್ಮ ಬತ್ತಿ ನೂಲಿನ ಹಾಗೆ ಸಪುರ ಮಾವ. ದೈವಕ್ಕೆ ನಮ್ಮ ಮುಖ ಕಾಣುವುದು ಬೇಡ್ವಾ?" ಎನ್ನುತ್ತಿದ್ದಳು. ದೀಪ ಹಚ್ಚಿ ಅವನು ಕೈಮುಗಿದ. ನೇಮದ ದಿನ ವೇಷ ಕಟ್ಟಿದವನ ಮೈಮೇಲೆ ಬಂದು ದೈವ ಪ್ರತಿವರ್ಷ ಅವನ ಕೈ ಹಿಡಿದು ಹೇಳುತ್ತಿದ್ದದ್ದು ಒಂದೇ ಮಾತು, ನಾನಿದ್ದೇನೆ ಎಂದು. "ಇದ್ದೇನೆ ಅಂದಿದ್ದೀ. ನನ್ನ ಕೈಯಲ್ಲಿ ಬೇರೇನೂ ಇಲ್ಲ," ಎಂದ.

ಮರುದಿನ ಮುಸ್ಸಂಜೆ ಮಿಂದು, ಕುಪ್ಪಿ ಹಿಡಿದು ತೋಡು ದಾಟುವ ಸಂಕಕ್ಕೆ ಕಾಲಿಟ್ಟವನು ಹಾಗೆಯೇ ನಿಂತ. ಆಚೆ ದಡದಲ್ಲಿ ಶಂಭು ನಿಂತಿದ್ದ. ತಲೆಗೂದಲಿನಿಂದ ನೀರು ಇಳಿಯುತ್ತಿತ್ತು. ಕೈಯಲ್ಲಿ ಎಣ್ಣೆಯ ಕುಪ್ಪಿ.

ಇಬ್ಬರ ನಡುವೆ ತೋಡಿನ ನೀರು ಹರಿಯುತ್ತಿತ್ತು.

"ಹನೀಫಾ ಫೋನ್ ಮಾಡಿದ್ದ," ಎಂದ ಶಂಭು. "ಅವಳನ್ನು ಕರಕೊಂಡು ಹೊರಟಿದ್ದಾರಂತೆ. ಬೆಳ್ತಂಗಡಿ ದಾಟಿಯಾಯ್ತು."

ಶೀನಪ್ಪ ಸಂಕದ ಮೇಲಿಟ್ಟ ಕಾಲನ್ನು ಮೆಲ್ಲನೆ ಹಿಂದಕ್ಕೆ ತೆಗೆದ. ಬಾಗಿ ಕುಪ್ಪಿಯನ್ನು ಹುಲ್ಲಿನ ಮೇಲೆ ಇಟ್ಟ. ಅದು ವಾಲಿತು; ಮತ್ತೊಮ್ಮೆ ನೆಟ್ಟಗೆ ಇಟ್ಟ.

ಶಂಭು ಗುಡಿಯ ಕಡೆಗೆ ತಿರುಗಿದವನು ನಿಂತ. "ಶೀನಪ್ಪಣ್ಣ, ಇವತ್ತು... ದೀಪ ಇಡ್ಬೇಕಾ?"

ಶೀನಪ್ಪ ಗುಡಿಯತ್ತ ನೋಡಿದ. ಕಾಡಿನ ಅಂಚಿನಲ್ಲಿ ಕತ್ತಲೆ ಇಳಿಯತೊಡಗಿತ್ತು.

"ಇಡು."

ಶಂಭು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಶೀನಪ್ಪ ಮತ್ತೆ ಕೂಗಿದ, "ನಿನ್ನ ಬತ್ತಿ ಬೇಡ ಮಾರಾಯ. ಒಳಗೆ ಡಬ್ಬದಲ್ಲಿ ಉಂಟು. ಅವಳು ಹೊಸೆದದ್ದು."

ಡಬ್ಬದ ಮುಚ್ಚಳ ತೆಗೆದ ಸದ್ದು ಈಚೆ ದಡಕ್ಕೆ ಕೇಳಿಸಿತು. ದಪ್ಪ ಬತ್ತಿ, ಹೊತ್ತಿಕೊಳ್ಳಲು ತಡ ಮಾಡಿತು. ಆಮೇಲೆ ಗುಡಿಯ ಬಾಗಿಲು ದಾಟಿ, ತೋಡಿನ ನೀರು ದಾಟಿ ಬೆಳಕು ಈಚೆಗೆ ಬಂತು. ಶೀನಪ್ಪನ ಮುಖ ಕಾಣುವಷ್ಟು.