ನಕ್ಷತ್ರದ ಹಳದಿ ಕಾಗದ

ಮಣಿಪಾಲದ ಆ ಸಣ್ಣ ಪ್ರೆಸ್ಸಿಗೆ ಕಂಪ್ಯೂಟರ್ ಬಂದದ್ದು ೧೯೮೭ರ ಮಳೆಗಾಲದಲ್ಲಿ. ಕಪ್ಪು ಪರದೆ, ಹಸಿರು ಅಕ್ಷರ. ಮೂವತ್ತು ವರ್ಷ ಕಾಗದದ ಮೇಲೆ ಕರಡು ತಿದ್ದಿದ್ದ ಎಲ್ಲೂರಿನ ಮುದ್ದಣ್ಣ ಅದನ್ನೂ ಹೇಗೋ ಓದಲು ಕಲಿತರು. ಆದರೆ ನವರಾತ್ರಿ ಕಳೆದ ಮೇಲೆ ಆ ಅಕ್ಷರಗಳು ಕಣ್ಣಿಗೆ ಚುಚ್ಚತೊಡಗಿದವು. ಅರ್ಧ ಪುಟಕ್ಕೇ ನೀರು ಸುರಿಯುತ್ತಿತ್ತು. ತಪ್ಪುಗಳು ಹಾಗೆಯೇ ಉಳಿಯುತ್ತಿದ್ದವು.

"ಶನಿವಾರದವರೆಗೆ ನೋಡುವ," ಎಂದರು ಮ್ಯಾನೇಜರ್ ದೂಮಪ್ಪ. "ಆಗದಿದ್ದರೆ ನೀವು ಬೈಂಡಿಂಗಿಗೆ ಹೋಗಿ. ಅಲ್ಲಿ ಓದಲಿಕ್ಕೆ ಎಂತದೂ ಇಲ್ಲ."

ಓದಲಿಕ್ಕೆ ಇಲ್ಲದ ಕೆಲಸ! ಮುದ್ದಣ್ಣ ಕಡಲೆ ತಿಂದು ಪೊಟ್ಟಣದ ಕಾಗದವನ್ನೂ ಬಿಡಿಸಿ ಓದುವವರು. ಕಿಸೆಯಲ್ಲಿ ಪೆನ್ನಿದ್ದರೆ ತಿದ್ದುವವರು.

ಶನಿವಾರ ಬೆಳಿಗ್ಗೆ, ಆ ಯಂತ್ರದಲ್ಲಿ ಟೈಪು ಮಾಡುವ ಕಾಪುವಿನ ರೋಸಲಿನ್ ಚೀಲದಿಂದ ಬಣ್ಣದ ಜಿಲೆಟಿನ್ ಕಾಗದಗಳನ್ನು ತೆಗೆದಳು. ಹೋದ ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟಿ ಉಳಿದವು. ಮೊದಲು ಕೆಂಪನ್ನು ಪರದೆಗೆ ಹಿಡಿದಳು.

"ಹೇಗುಂಟು ಮುದ್ದಣ್ಣನವರೇ?"

"ಭಾರೀ ತಂಪುಂಟು ಮಾರಾಯ್ತಿ. ಅಕ್ಷರ ಮಾತ್ರ ಒಂದೂ ಇಲ್ಲ."

ಹಳದಿ ಹಿಡಿದಾಗ ಅಕ್ಷರಗಳು ಬಾಳೆಯ ಎಳೆ ಸುಳಿಯ ಬಣ್ಣಕ್ಕೆ ತಿರುಗಿದವು. ಉರಿ ತುಸು ತಗ್ಗಿತು, ಸಾಲದು. ಟೇಪು ಅಂಟಿಸಲು ಪರದೆಯ ಕೆಳಗಿನ ಅಂಚನ್ನು ಸವರಿದ ರೋಸಲಿನ್‌ಳ ಉಗುರಿಗೆ ಏನೋ ಗಟ್ಟಿಯಾದದ್ದು ತಾಗಿತು. ಆಯುಧಪೂಜೆಯ ಗಂಧ! ಒಣಗಿ ಕಲ್ಲಾಗಿತ್ತು. ಕೆರೆದರೆ ಅಡಿಯಲ್ಲಿ ಒಂದು ಪುಟ್ಟ ಚಕ್ರ. ಅವಳು ಮೆಲ್ಲನೆ ತಿರುಗಿಸಿದಳು. ಲಾಟೀನಿನ ಬತ್ತಿ ಇಳಿಸಿದ ಹಾಗೆ ಬೆಳಕು ಇಳಿಯಿತು.

"ಸಾಕು, ಸಾಕು! ಅಲ್ಲೇ ಇರಲಿ!"

ದೂಮಪ್ಪ ಒಳಗೆ ಬರುವಾಗ ಮುದ್ದಣ್ಣ ಮೂರನೆಯ ಪುಟದಲ್ಲಿದ್ದರು.

"ಎಂತ ಇದು, ಯಂತ್ರಕ್ಕೆ ವೇಷ ಕಟ್ಟಿದ್ದೀರಾ? ಗಂಧ ಕೆರೆದದ್ದು ಯಾರು?"

"ನಾನು ಸರ್," ಎಂದಳು ರೋಸಲಿನ್. "ಅದರ ಅಡಿಯಲ್ಲಿ ಬೆಳಕಿನ ಚಕ್ರ ಉಂಟು. ಗಂಧ ಹಚ್ಚುವಾಗ ಯಾರೋ ಅದನ್ನು ಪೂರ್ತಿ ತಿರುಗಿಸಿಬಿಟ್ಟಿದ್ದಾರೆ."

ಹಚ್ಚಿದ್ದು ಯಾರೆಂದು ಮೂವರಿಗೂ ಗೊತ್ತಿತ್ತು. ದೂಮಪ್ಪ ಕೆಮ್ಮಿದರು.

"ಸ್ವಲ್ಪ ಆಚೆ ನಿಲ್ಲಿ ದೂಮಪ್ಪನವರೇ," ಎಂದರು ಮುದ್ದಣ್ಣ, ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮ ಬಿಳಿ ಅಂಗಿ ಗಾಜಿನಲ್ಲಿ ಹೊಳೆಯುತ್ತದೆ."

ದೂಮಪ್ಪ ಸರಿದು ನಿಂತರು. ಬೈಂಡಿಂಗಿನ ಮಾತು ಮತ್ತೆ ಬರಲಿಲ್ಲ.

ಮುಂದಿನ ಆಯುಧಪೂಜೆಗೆ ಅವರು ಗಂಧದ ಬಟ್ಟಲನ್ನು ಮುದ್ದಣ್ಣನವರ ಕೈಗೇ ಕೊಟ್ಟರು. ಮುದ್ದಣ್ಣ ಯಂತ್ರವನ್ನು ಸುತ್ತಲೂ ನೋಡಿ, ಬಗ್ಗಿ, ಮೇಜಿನ ಕಾಲಿಗೆ ಬೊಟ್ಟಿಟ್ಟರು.