ಅವನ ಬೆನ್ನಿಗೆ ನನ್ನ ಕೇಬಲ್ಲು

ನಾನು ಒಂದು ಕಂಪ್ಯೂಟರ್ ಮಾನಿಟರ್. ಸೆಕೆಂಡಿಗೆ ಅರವತ್ತು ಸಲ ಚಿತ್ರವನ್ನು ಹೊಸದಾಗಿ ತೋರಿಸುವಂತೆ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಅದೇ ದೊಡ್ಡ ವೇಗವೆಂದು ಬೀಗುತ್ತಿದ್ದೆ. ಮೊದಲು ಒಂದು ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ತೋರಿಸಿದೆ. ಪಟ್ಟಿ ಓಡುವುದಿಲ್ಲವಲ್ಲ, ಆರಾಮಾಗಿದ್ದೆ. ಅಲ್ಲಿಂದ ರಾಣೆಬೆನ್ನೂರಿನ ನೀಲಮ್ಮನ ಕಂಪ್ಯೂಟರ್ ಸೆಂಟರಿಗೆ ಬಂದೆ.

ನೀಲಮ್ಮನಿಗೆ ನಲವತ್ತೈದು. ಬೆಳಿಗ್ಗೆ ಊರವರ ಅರ್ಜಿ ತುಂಬುತ್ತಾಳೆ, ಮಧ್ಯಾಹ್ನ ರೊಟ್ಟಿ ಉಂಡು ಕಾರ್ ರೇಸ್ ಆಡುತ್ತಾಳೆ. ಏಳು ವರ್ಷ ಅವಳ ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ರಾಜ್ಯಮಟ್ಟದ ಆನ್‌ಲೈನ್ ರೇಸಿಗೆ ಹೆಸರು ಕೊಟ್ಟಳು ನೋಡಿ, ನನ್ನ ಗ್ರಹಚಾರ ಕೆಟ್ಟಿತು. "ತಿರುವಿನ್ಯಾಗ ರಸ್ತಾ ಜರ್ಕ್ ಹೊಡೀತೈತ್ರಿ" ಎಂದು ಗಂಡ ಚನ್ನವೀರಪ್ಪನಿಗೆ ಹೇಳಿ ಹೊಸ ಮಾನಿಟರ್ ತರಿಸಿದಳು.

ಅವನ ಹಣೆಯ ಮೇಲೆ 144 ಹರ್ಟ್ಜ್ ಎಂಬ ಸ್ಟಿಕರ್. ಸೆಕೆಂಡಿಗೆ ನೂರ ನಲವತ್ನಾಲ್ಕು ಸಲವಂತೆ! ಬಂದ ದಿನವೇ ಅವನಿಗೆ ಕುಂಕುಮ, ಊದಿನಕಡ್ಡಿ, ಮಲ್ಲಿಗೆ. ನನಗೆ ಏಳು ವರ್ಷದಲ್ಲಿ ಸಿಕ್ಕಿದ್ದು ಆಯುಧಪೂಜೆಯ ಒಂದೊಂದು ಬೊಟ್ಟು. ನನ್ನನ್ನು ಕಪಾಟಿನ ಮೇಲೇರಿಸಿದರು. ಮುಚ್ಚುಮರೆ ಯಾಕೆ, ಹೊಟ್ಟೆಕಿಚ್ಚಿನಿಂದ ಬೆಂದುಹೋದೆ.

ನೀಲಮ್ಮ ಹೊಸ ಕೇಬಲ್ಲಿನ ಪೊಟ್ಟಣ ಬಿಚ್ಚಲು ಹೋದಾಗ ಚನ್ನವೀರಪ್ಪ ತಡೆದ. "ಹಳೇದು ಗಟ್ಟಿಮುಟ್ಟ ಐತಿ. ಹೊಸಾದು ಹಂಗ ಇರ್ಲಿ ಬಿಡು." ಹಾಗೆ ನನ್ನ ಕೇಬಲ್ಲೇ ಅವನ ಬೆನ್ನಿಗೆ ಸೇರಿತು. ಅರವತ್ತಕ್ಕಿಂತ ಹೆಚ್ಚು ಹೊರಲು ಅದಕ್ಕಾಗದು. ನನಗೆ ಗೊತ್ತಿತ್ತು. ಬಾಯಿದ್ದಿದ್ದರೂ ಹೇಳುತ್ತಿರಲಿಲ್ಲ.

ಎಂಟು ದಿನ ಆಡಿದಳು. ಅದೇ ತಿರುವು, ಅದೇ ಜರ್ಕ್.

"ಹತ್ತು ದಿನದಾಗ ವಾಪಸ್ ತಗೋತಾರಂತ. ಕೊಟ್ಟು ಬರ್ತೀನಿ" ಎಂದ ಗಂಡ.

"ಕೊಡ್ರಿ. ರೇಸಿಂದ ನನ್ನ ಹೆಸರೂ ತಗಸ್ತೀನಿ. ಕೈನ ನಿಧಾನ ಆಗ್ಯಾವ, ಮಾನಿಟರ್ ಏನ್ ಮಾಡೀತು?"

ಆ ಮಾತು ಚುಚ್ಚಿತು. ಆದರೂ ನನ್ನ ಮೇಜು ನನಗೆ ಸಿಗುವ ಖುಷಿಯೇ ಹೆಚ್ಚಾಗಿತ್ತು.

ಅವನನ್ನು ತುಂಬಲೆಂದು ಡಬ್ಬಿ ತೆಗೆದರು. ಕೇಬಲ್ಲಿನ ಪೊಟ್ಟಣ ನೀಲಮ್ಮನ ಕೈಗೆ ಬಂತು. "ಇದರ ಮ್ಯಾಲೂ 144 ಅಂತ ಬರದೈತಲ್ರಿ?" ಎಂದವಳೇ ಸೆಟ್ಟಿಂಗ್ಸ್ ತೆರೆದಳು. ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ, ರಿಫ್ರೆಶ್ ರೇಟ್: ಅರವತ್ತು. ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡ ಅಂಕಿಯೇ ಇಲ್ಲ. ನನ್ನ ಗುಟ್ಟು ರಟ್ಟಾಯಿತು.

ಹೊಸ ಕೇಬಲ್ ಸಿಕ್ಕಿಸಿ, ಪಟ್ಟಿಯಲ್ಲಿ ಈಗ ಮೂಡಿದ 144 ಆರಿಸಿ, ಮೌಸ್ ಆಡಿಸಿದಳು. ಬಾಣ ಎಣ್ಣೆಯ ಮೇಲೆ ಜಾರಿದಂತೆ ಜಾರಿತು. ನಾನು ಎಂದೂ ಅದನ್ನು ಹಾಗೆ ತೋರಿಸಿರಲಿಲ್ಲ.

"ನನ್ನ ಕೈ ಚಲೋನ ಅದಾವ್ರಿ!" ಎಂದು ಕೂಗಿದಳು. ಭಾನುವಾರದ ರೇಸಿನಲ್ಲಿ ಮೂರನೆಯವಳಾಗಿ ಬಂದಳು.

ಈಗ ನಾನು ಮುದುಕ. ನನ್ನ ಕೇಬಲ್ ನನಗೇ ಮರಳಿದೆ. ಮೂಲೆಯಲ್ಲಿ ನಿಂತು ಅಂಗಡಿಯ ಸಿಸಿ ಕ್ಯಾಮೆರಾ ಕಂಡದ್ದನ್ನು ತೋರಿಸುತ್ತೇನೆ. ಕ್ಯಾಮೆರಾ ನೋಡುವುದು ನೀಲಮ್ಮನ ಮೇಜನ್ನೇ. ಹಾಗಾಗಿ ಇಡೀ ದಿನ ಅವನನ್ನೇ ನನ್ನ ಮುಖದ ಮೇಲೆ ಹೊತ್ತಿರಬೇಕು. ನನ್ನೊಳಗೆ ಬಂದರೆ ಅವನೂ ಅರವತ್ತೇ ಎಂಬುದೊಂದು ಸಮಾಧಾನ. ಅವಳು ಗೆದ್ದು ನಗುವುದೂ ನನ್ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅವಳು ಮಾತ್ರ ಈ ಕಡೆ ತಿರುಗುವುದಿಲ್ಲ.